ಪುಣೆ ಸುತ್ತುವವರ ಕೈಪಿಡಿ (ಶಿರೂರು ಆವೃತ್ತಿ)

ಶಿರೂರು, ರಾಂಜಣಗಾಂವ್ ಕಡೆ ನೌಕರಿಗೆಂದು ಬಂದು, ರಜೆಯ ದಿನ ಪುಣೆಯನ್ನು ನಡೆದೇ ನೋಡುತ್ತೇನೆಂದು ಹಟ ಹಿಡಿದ ಕನ್ನಡಿಗರಿಗಾಗಿ ಈ ಕೈಪಿಡಿ. ಬಳಸುವ ಮುನ್ನ ಪೂರ್ತಿ ಓದಿ. ಓದಿದ ಮೇಲೂ ಹಟ ಉಳಿದಿದ್ದರೆ ಚಪ್ಪಲಿ ಮೆಟ್ಟಿ.

1. ಸಿದ್ಧತೆ

ಶಿರೂರಿಗೆ ರೈಲಿಲ್ಲ. ಪುಣೆ ಸುಮಾರು 70 ಕಿ.ಮೀ. ದೂರ, ಬೆಳಗಿನ ಎಸ್‌ಟಿ ಬಸ್ಸು ಹಿಡಿಯಿರಿ. ಅಷ್ಟೂ ದೂರ ನಡೆಯುವ ಯೋಚನೆ ಬೇಡ. 1817ರ ಡಿಸೆಂಬರ್ 31ರ ರಾತ್ರಿ ಶಿರೂರಿನ ದಂಡಿನಿಂದ ಪುಣೆಗೆಂದು ಹೊರಟ ಈಸ್ಟ್ ಇಂಡಿಯಾ ಕಂಪನಿಯ ಪಡೆ ಇರುಳಿಡೀ ನಡೆದು ಮುಟ್ಟಿದ್ದು ಭೀಮಾ ದಂಡೆಯ ಕೋರೆಗಾಂವನ್ನು. ಎದುರಿಗೆ ಪೇಶ್ವೆಯ ಸೈನ್ಯ, ದಿನವಿಡೀ ಕಾಳಗ. ಪುಣೆ ಕಾಣದೆಯೇ ಆ ಪಡೆ ಶಿರೂರಿಗೆ ಮರಳಿತು. ನಿಮಗೆ ಎದುರಾಗುವುದು ದಾರಿಯ ವಾಘೋಲಿಯ ಟ್ರಾಫಿಕ್ ಮಾತ್ರ. ಕೂತಲ್ಲೇ ಕೂತು ಸಹಿಸಿ.

2. ಚಾಲನೆ

ಬಸ್ಸಿಳಿದು ಶಿವಾಜಿನಗರಕ್ಕೆ ಬನ್ನಿ, ಅಲ್ಲಿಂದ ಮುಠಾ ನದಿ ದಾಟಿದರೆ ಪೇಶ್ವೆಗಳ ಕೋಟೆಮನೆ ಶನಿವಾರವಾಡೆ. 1732ರಲ್ಲಿ ಕಟ್ಟಿ ಮುಗಿಸಿದ್ದು. ಒಳಗಿನ ಅರಮನೆಯನ್ನು 1828ರ ಬೆಂಕಿ ನುಂಗಿತು. ದಿಲ್ಲಿ ದರ್ವಾಜೆಯ ಕದದ ಮುಂದೆ ಒಂದು ನಿಮಿಷ ನಿಲ್ಲಿ. ಆನೆ ಹಣೆಯೊಡ್ಡಿ ನೂಕಬಾರದೆಂದು ಹೊಡೆದ ಕಬ್ಬಿಣದ ಮೊಳೆಗಳು ಇನ್ನೂ ಮೊನಚಾಗಿವೆ. ಬಂದವರನ್ನು ಬಾಗಿಲಲ್ಲೇ ತಡೆಯುವ ಈ ಊರಿನ ಪದ್ಧತಿಗೆ ಇದು ಪೀಠಿಕೆ.

ಇಲ್ಲಿಂದ ಶನಿವಾರ, ಬುಧವಾರ, ಶುಕ್ರವಾರ ಪೇಟೆಗಳು ಒಂದೇ ಬೆಳಿಗ್ಗೆಯಲ್ಲಿ ಮುಗಿದುಹೋಗುತ್ತವೆ. ವಾರ ಕಳೆಯಿತೆಂದು ಗಾಬರಿ ಬೇಡ. ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿ, ತುಳಶೀಬಾಗಿನ ಪಾತ್ರೆ-ಬಳೆ, ಮಂಡಯಿಯ ತರಕಾರಿ ಎಲ್ಲ ನೋಡಿ. ಯಾವುದನ್ನೂ ಕೊಳ್ಳಬೇಡಿ, ಸಂಜೆವರೆಗೆ ಹೊರುವವರು ನೀವೇ.

ರಸ್ತೆ ದಾಟುವ ವಿಧಾನ: ಓಢಣಿಯಲ್ಲಿ ಮುಖ ಮುಚ್ಚಿ, ಕಣ್ಣು ಮಾತ್ರ ಬಿಟ್ಟುಕೊಂಡ ಸ್ಕೂಟರ್ ಸವಾರಿಣಿ ಬರುತ್ತಿದ್ದರೆ ಅಂಗೈ ಎತ್ತಿ, ನಡೆಯುತ್ತಲೇ ಇರಿ. ನಡುವೆ ನಿಂತಿರೋ, ಕೆಟ್ಟಿರಿ. ಲಕ್ಷ್ಮೀ ರಸ್ತೆಯಲ್ಲಿ ನೆಮ್ಮದಿಯಾಗಿ ನಡೆಯಲೇಬೇಕೆಂದಿದ್ದರೆ ಡಿಸೆಂಬರ್ 11ಕ್ಕೆ ಬನ್ನಿ. 2021ರಿಂದ ಅಂದು ಪಾದಚಾರಿ ದಿನ. ಆ ರಸ್ತೆಯ ಒಂದು ಭಾಗಕ್ಕೆ ವಾಹನ ಬಿಡುವುದಿಲ್ಲ. ಉಳಿದ 364 ದಿನ ಯಾರದೆಂದು ಕೇಳಬೇಡಿ.

3. ಮಧ್ಯಾಹ್ನ 1ರಿಂದ 4

ಯಂತ್ರ ನಿಂತಿತೆಂದು ತಿಳಿಯಬೇಡಿ, ಹಳೇ ಪುಣೆ ನಿದ್ರಿಸುತ್ತಿದೆ. ಈ ಹೊತ್ತಿನಲ್ಲಿ ಅಂಗಡಿಯ ಕದ ಬಡಿಯುವುದು ಅಪಾಯಕಾರಿ. ಊರ ತುಂಬ ಬೋರ್ಡುಗಳು ನಿಮ್ಮನ್ನು ಗದರಿಸುತ್ತಿರುತ್ತವೆ: ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ಬಿಡುತ್ತೇವೆ, ಬೆಲ್ ಒಂದೇ ಸಲ ಒತ್ತಿ, ಇಲ್ಲಿ ವಿಳಾಸ ಕೇಳಬೇಡಿ. ಮುದ್ದಾದ ಅಕ್ಷರ, ಕೆಂಡದಂಥ ಮಾತು. ಅವನ್ನು ಓದುತ್ತ ಲಕಡಿ ಪೂಲ್ ದಾಟಿ, ಜಂಗ್ಲಿ ಮಹಾರಾಜ ರಸ್ತೆ ಹಿಡಿದು ಪಾತಾಳೇಶ್ವರಕ್ಕೆ ಬನ್ನಿ.

ಇದು 8ನೇ ಶತಮಾನದ ಗುಹಾಲಯ. ಬಂಡೆಯಲ್ಲೇ ಕೊರೆದ ಕಂಬಗಳು, ಅಂಗಳದಲ್ಲಿ ದುಂಡನೆಯ ನಂದಿಮಂಟಪ. ಕೊರೆದದ್ದು ರಾಷ್ಟ್ರಕೂಟರ ಕಾಲದಲ್ಲಿ; ಮುಂದೆ ನಮ್ಮ ಕಲಬುರಗಿ ಸೀಮೆಯ ಮಳಖೇಡವನ್ನು ರಾಜಧಾನಿ ಮಾಡಿಕೊಂಡ ಅದೇ ಮನೆತನ. ಬೆಳಗಿನಿಂದ ಊರೆಲ್ಲ ಹೊರಗಿನವರೆಂದು ಗದರಿಸಿದ್ದನ್ನು ಇಲ್ಲಿ ಮರೆಯಬಹುದು. ಕಂಬಕ್ಕೆ ಒರಗಿ ಕಾಲು ಚಾಚಿ. ಪೇಶ್ವೆಗಳಿಗಿಂತ ಸಾವಿರ ವರ್ಷ ಮೊದಲೇ ನಿಮ್ಮ ಕಡೆಯವರು ಇಲ್ಲಿ ಜಾಗ ಹಿಡಿದಿದ್ದಾರೆ.

4. ದೋಷ ಮತ್ತು ಪರಿಹಾರ

ದಾರಿ ತಪ್ಪಿದರೆ: "ಕಾಕಾ" ಎಂದು ಕರೆದು ಕೇಳಿ. ಮೊದಲು ನಿಮ್ಮ ಮರಾಠಿ ತಿದ್ದುತ್ತಾರೆ, ಆಮೇಲೆ ದಾರಿ ಹೇಳುತ್ತಾರೆ.

ಕಾಲು ಸೋತರೆ: ಅಮೃತತುಲ್ಯ ಎಂಬ ಬೋರ್ಡು ಹುಡುಕಿ. ಶುಂಠಿ, ಏಲಕ್ಕಿ ಹಾಕಿ ಹಿತ್ತಾಳೆ ಪಾತ್ರೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿದ ಚಹಾ. ಎರಡನೇ ಕಪ್ಪಿಗೂ ಅಲ್ಲೇ ನಿಲ್ಲಿ.

ಮೆಟ್ರೊ ಕಂಡರೆ: ಮುಖ ತಿರುಗಿಸಿ. ಹತ್ತಿದರೆ ಖಾತರಿ ರದ್ದು.

5. ಖಾತರಿ

ಒಂದೇ ದಿನದಲ್ಲಿ ಪುಣೆ ಮುಗಿಯುವುದಿಲ್ಲ. ಮುಗಿಸಿದೆನೆಂದು ಹೇಳುವವರು ರಿಕ್ಷಾ ಹತ್ತಿದವರು. ಪಾತಾಳೇಶ್ವರ ಕೊರೆದವರೂ ಕೆಲಸ ಪೂರ್ತಿ ಮಾಡದೆ ಬಿಟ್ಟುಹೋದರು, ಪೂಜೆ ಇಂದಿಗೂ ನಡೆದಿದೆ. ಉಳಿದ ಪೇಟೆಗಳನ್ನು ಇನ್ನೊಂದು ರಜೆಗೆ ಇಟ್ಟುಕೊಂಡು ಶಿರೂರು ಕಡೆಯ ಎಸ್‌ಟಿ ಹತ್ತಿ. ಸೀಟು ಸಿಗುವುದಕ್ಕೆ ಈ ಕೈಪಿಡಿ ಹೊಣೆಯಲ್ಲ.