ಎದೆ ಮೇಲೆ ಕುಂತವರು

ಬ್ಯಾಸಗಿಯಲ್ಲಿ ಜೇವರ್ಗಿಯ ನಮ್ಮ ಮಾಳಿಗೆ ಮೇಲೆ ಅಂಗಾತ ಮಲಗಿದರೆ ಸಾಕು, ನಸುಕಿನಲ್ಲಿ ಯಾರೋ ಬಂದು ನನ್ನ ಎದೆ ಮೇಲೆ ಕುಂತುಬಿಡುತ್ತಾರೆ. ಕಣ್ಣು ತೆರೆದಿರುತ್ತದೆ, ಕೈಕಾಲು ಮಾತ್ರ ಮುಷ್ಕರ ಹೂಡಿರುತ್ತವೆ. "ಯವ್ವಾ!" ಎಂದು ಊರು ಏಳುವಂತೆ ಚೀರುತ್ತೇನೆ, ಪಕ್ಕದ ಹೆಂಡತಿಗೇ ಕೇಳುವುದಿಲ್ಲ.

ಸುದ್ದಿ ಹಬ್ಬಿತು. ಅಫಜಲಪುರದ ಸೋದರತ್ತೆ, "ಗಾಳಿ ಸೋಕ್ಯದ. ಗಾಣಗಾಪುರಕ್ಕ ಬಾ, ಭೀಮಾ-ಅಮರ್ಜಾ ಸಂಗಮದಾಗ ಮುಳುಗು ಹಾಕು" ಎಂದಳು. ಆಳಂದದ ಕಾಕಾ ಲಾಡ್ಲೆ ಮಶಾಯಕ ದರ್ಗಾದತ್ತ ಕೈ ತೋರಿಸಿದ. ಓದಿಕೊಂಡ ಅಳಿಯ ಮಾತ್ರ ದೆವ್ವದ ಮಾನವನ್ನೇ ಕಳೆದ: "ಮಾಮಾ, ಕನಸು ಬೀಳೋ ನಿದ್ದ್ಯಾಗ ಮೆದುಳು ಸ್ನಾಯುಗಳಿಗೆ ಬೀಗ ಹಾಕ್ತದ. ಇಲ್ಲಂದ್ರ ಕನಸಿನಾಗ ಓಡೋರು ಮಾಳಿಗಿಯಿಂದ ಕೆಳಗ ಬೀಳ್ತಿದ್ರು. ನಿಮಗ ಎಚ್ಚರ ಮೊದಲು ಆಗ್ತದ, ಬೀಗ ಆಮ್ಯಾಲ ತೆರೀತದ. ನಿದ್ದಿಗೆಟ್ಟೋರಿಗೆ, ಅಂಗಾತ ಮಲಗೋರಿಗೆ ಇದು ಜಾಸ್ತಿ."

ಮೇಲೆ 1781ರ ಫ್ಯೂಸೆಲಿಯ ವರ್ಣಚಿತ್ರವನ್ನೂ ತೋರಿಸಿದ: ಮಲಗಿದ ಹೆಂಗಸಿನ ಮೇಲೆ ಕುಂತ ಪಿಶಾಚಿ. ಬಡಕಲು! ತೊಗರಿ ಬ್ಯಾಳಿ ಉಂಡು ಬೆಳೆದ ನನ್ನದರ ಮುಂದೆ ಅದ್ಯಾವ ಲೆಕ್ಕ?

ಇನ್ನು ಮಗ್ಗುಲಾಗಿ ಮಲಗುತ್ತೇನೆಂದು ಘೋಷಿಸಿದೆ. ಹೆಂಡತಿ ಒಪ್ಪಲಿಲ್ಲ: "ಅದು ಕುಂತಾಗರೆ ನಿಮ್ಮ ಬಾಯಿ ಬಂದ್ ಇರ್ತದ. ದಿನಾ ಬರ್ಲಿ ಬಿಡ್ರಿ!"