ಮೂರು ಮೂಲೆಯ ಆಮೆ

ದಾವಣಗೆರೆಯಲ್ಲಿ ಯಾವ ಮದುವೆ ಊಟಕ್ಕೆ ಕೂತರೂ ನಿಮ್ಮ ಎಡಕ್ಕೊಬ್ಬರು, ಬಲಕ್ಕೊಬ್ಬರು ಇಂಜಿನಿಯರಿನ ಅಪ್ಪ ಸಿಗುತ್ತಾರೆ. ಎಲೆಗೆ ಕೋಸಂಬರಿ ಬೀಳುವುದರೊಳಗೆ ಮಗ ಯಾವ ಬ್ರಾಂಚು, ಯಾವ ಕಂಪನಿ, ಪ್ಯಾಕೇಜ್ ಎಷ್ಟು ಎಂಬುದು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರಿನ ಬಿಡಿಟಿ ಕಾಲೇಜು ನಮ್ಮೂರಿಗೆ ಬಂದದ್ದು 1951ರಲ್ಲಿ, ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರಲ್ಲಿ. ಆಮೇಲೆ ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಕಾಲೇಜುಗಳು ಒಂದೊಂದಾಗಿ ಬಾಗಿಲು ತೆರೆದವು. ಬಟ್ಟೆ ನೇಯುತ್ತಿದ್ದ ಊರು ಇಂಜಿನಿಯರುಗಳನ್ನು ನೇಯತೊಡಗಿತು.

ಇಷ್ಟಿದ್ದೂ ನಮ್ಮ ಪಿ.ಜೆ. ಬಡಾವಣೆಯ ಬೀದಿಯಲ್ಲಿ ಯಾರ ಮನೆಯ ಫ್ಯೂಸು ಹೋದರೂ ಬರುವವನು ಮೂಲೆ ಅಂಗಡಿಯ ಪಕ್ಕ ಕೂರುವ, ಎಸೆಸೆಲ್ಸಿಯನ್ನೂ ಮುಗಿಸದ ಹುಡುಗನೇ. ಅವನು ಬರುವ ತನಕ ಬೀದಿಯ ಬಿ.ಇ.ಗಳೆಲ್ಲ ಮೊಬೈಲಿನ ಬೆಳಕು ಹಿಡಿದು ನಿಂತಿರುತ್ತಾರೆ. ನಾನು ಅವರನ್ನು ಆಡಿಕೊಳ್ಳುವಷ್ಟು ದೊಡ್ಡವನಲ್ಲ. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ ಸವೆದವನು ನಾನು. ನನ್ನ ಮಟ್ಟಿಗೆ ಯಂತ್ರವೆಂದರೆ ಸ್ಟೇಪ್ಲರ್. ಅದರೊಳಗೆ ಪಿನ್ನು ಸಿಕ್ಕಿಕೊಂಡರೂ ಜವಾನನನ್ನೇ ಕೂಗುತ್ತಿದ್ದೆ.

ಇಂಥ ವಂಶದಲ್ಲಿ ಹುಟ್ಟಿದ ಮೊಮ್ಮಗಳು ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಸ್ಕ್ರೂಡ್ರೈವರ್ ಹಿಡಿದಳು. ಮೊದಲ ಆಹುತಿ ನನ್ನ ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಕೊಟ್ಟಿದ್ದ ಟೇಬಲ್ ಗಡಿಯಾರ. ಉಪ್ಪಿನಕಾಯಿ ತಟ್ಟೆಯಲ್ಲಿ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟುಕೊಂಡು, ನಾಲಿಗೆಯನ್ನು ತುಟಿಯಂಚಿಗೆ ತಂದು, ಅರ್ಧ ಮಧ್ಯಾಹ್ನ ಅದರ ಮೇಲೆ ಬಗ್ಗಿದ್ದಳು. ತಿರುಗಿ ಜೋಡಿಸಿಯೂ ಆಯಿತು. ಸೆಲ್ ಹಾಕಿದರೆ ಟಿಕ್ ಟಿಕ್ ಎಂದಿತು, ನಿಮಿಷದ ಮುಳ್ಳು ಓಡಿತು. ಗಂಟೆಯ ಮುಳ್ಳು ಮಾತ್ರ ನಾಲ್ಕರ ಮೇಲೆ ಕೂತದ್ದು ಕೂತೇ ಇತ್ತು. ತಟ್ಟೆಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಬಿಳೀ ಪ್ಲಾಸ್ಟಿಕ್ಕಿನ ಗಾಲಿಯೊಂದು ಮಿಕ್ಕಿತ್ತು.

ನಮ್ಮಾಕೆ ಬೈಯಲು ಬಾಯಿ ತೆರೆದಳು. ನಾನು ತಡೆದೆ. ಪೆನ್ಷನ್ ತಗೊಳ್ಳುವವನಿಗೆ ಗಂಟೆ ಎಷ್ಟಾದರೇನು? ಆದರೆ ಹುಡುಗಿ ಆ ಗಾಲಿಯನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಅಜ್ಜ, ಇದು ಒಳಗೆ ಏನ್ ಮಾಡ್ತಿತ್ತು?" ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿತು. ಚಕ್ರಬಡ್ಡಿಯ ಚಕ್ರವೊಂದನ್ನು ಬಿಟ್ಟರೆ ಬೇರೆ ಚಕ್ರ ನನಗೆ ಗೊತ್ತಿಲ್ಲ. ಅದಕ್ಕೇ ಭಾನುವಾರ ಹರಿಹರದ ಬಸ್ಸು ಹತ್ತಿದೆವು.

ಹರಿಹರದಲ್ಲಿ ನನ್ನ ಅಣ್ಣ ಇದ್ದಾನೆ. ಮೈಸೂರು ಕಿರ್ಲೋಸ್ಕರಿನಲ್ಲಿ ಟರ್ನರ್ ಆಗಿದ್ದವನು. 1941ರಲ್ಲಿ ಶುರುವಾದ ಆ ಕಾರ್ಖಾನೆ ಲೇತು ತಯಾರಿಸುತ್ತಿತ್ತು. ಯಂತ್ರ ಮಾಡುವ ಯಂತ್ರ ಹುಟ್ಟುವ ಜಾಗ ಎಂದು ಅದರ ಸುತ್ತಲಿನ ವಸತಿಗೆ ಯಂತ್ರಪುರ ಎಂಬ ಹೆಸರೇ ಬಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಅಣ್ಣ ಮಾತ್ರ ಇನ್ನೂ ಮುಚ್ಚಿಲ್ಲ. ಯಾರಾದರೂ ಬಾಗಿಲ ಬೋಲ್ಟು ಸಡಿಲವಾಗಿದೆ ಎಂದರೆ ಸಾಕು, ಜೇಬಿನಿಂದ ವರ್ನಿಯರ್ ಈಚೆ ಬರುತ್ತದೆ. ಹರಿಹರೇಶ್ವರನ ಗುಡಿಗೆ ಕರೆದುಕೊಂಡು ಹೋದರೂ ಅವನು ದೇವರಿಗಿಂತ ಮೊದಲು ಕಂಬಕ್ಕೆ ಕೈಮುಗಿಯುವವನು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ ಅದು. ಅಲ್ಲಿನ ಕಂಬಗಳನ್ನು ಕಲ್ಲು ತಿರುಗಿಸುತ್ತಾ ಕಡೆದು ನಯ ಮಾಡಿದ್ದಾರೆ. ಬಳೆ ಬಳೆಯಾಗಿ ಇಳಿದ ಆ ಅಂಚುಗಳ ಮೇಲೆ ಮೊಮ್ಮಗಳ ಬೆರಳು ಆಡಿಸಿ, "ನೋಡವ್ವ, ಇದು ಟರ್ನಿಂಗ್ ಕೆಲಸ. ಕಿರ್ಲೋಸ್ಕರ್ ಬರೋಕೆ ಏಳು ನೂರು ವರ್ಷ ಮುಂಚೆ ನಮ್ಮೋರು ಮಾಡಿದ್ದು" ಎಂದ. ಆ 'ನಮ್ಮೋರು' ಎಂಬಲ್ಲಿ ಪೋಲಾಳ್ವನ ಕಾಲದ ಟರ್ನರುಗಳೆಲ್ಲ ಅವನ ಯೂನಿಯನ್ ಮೆಂಬರುಗಳೇ ಆಗಿಬಿಟ್ಟರು.

ಗಡಿಯಾರದ ಗಾಲಿಯ ಗುಟ್ಟು ಅಣ್ಣನಿಗೆ ಕ್ಷಣದಲ್ಲಿ ತಿಳಿಯಿತು. ನಿಮಿಷದ ಮುಳ್ಳು ಹನ್ನೆರಡು ಸುತ್ತು ಹೋದಾಗ ಗಂಟೆಯ ಮುಳ್ಳು ಒಂದು ಸುತ್ತು ಹೋಗಬೇಕು. ಆ ಹನ್ನೆರಡಕ್ಕೊಂದರ ವ್ಯವಹಾರ ಕುದುರಿಸಲು ನಡುವೆ ಇರುವ ಗಾಲಿ ಇದು. ಅಷ್ಟಕ್ಕೇ ಬಿಡದೆ ತನ್ನ ಶಿಷ್ಯನ ವರ್ಕ್‌ಶಾಪಿಗೆ ಕರೆದೊಯ್ದ. ಅಲ್ಲೊಂದು ಹಳೇ ಕಿರ್ಲೋಸ್ಕರ್ ಲೇತು ಇನ್ನೂ ದುಡಿಯುತ್ತಿದೆ. ಪಕ್ಕದ ಮುಚ್ಚಳ ತೆಗೆದರೆ ಗ್ರೀಸು ಮೆತ್ತಿದ ಮೂರು ಗೇರುಗಳು. ಮೇಲಿನದು ಜಾಬು ತಿರುಗಿಸುವ ಸ್ಪಿಂಡಲಿನ ಜೊತೆಗೆ, ಕೆಳಗಿನದು ಟೂಲನ್ನು ದೂಡುವ ಲೀಡ್ ಸ್ಕ್ರೂ ಜೊತೆಗೆ. ಲೀಡ್ ಸ್ಕ್ರೂ ಒಂದು ಸುತ್ತು ಸುತ್ತಿದರೆ ಟೂಲು 6 ಮಿಲಿಮೀಟರ್ ಸರಿಯುತ್ತದೆ. ಬೋಲ್ಟಿನ ಥ್ರೆಡ್ಡು ಒಂದೂವರೆ ಮಿಲಿಮೀಟರಿಗೊಂದು ಬೀಳಬೇಕಾದರೆ ಜಾಬು ನಾಲ್ಕು ಸುತ್ತು ಸುತ್ತುವಾಗ ಲೀಡ್ ಸ್ಕ್ರೂ ಒಂದೇ ಸುತ್ತು ಸುತ್ತಬೇಕು. ಹಾಗಾಗಿ ಮೇಲೆ 30 ಹಲ್ಲಿನ ಗೇರು, ಕೆಳಗೆ 120 ಹಲ್ಲಿನದು. ಹುಡುಗಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಒಂದೊಂದು ಹಲ್ಲನ್ನೂ ಎಣಿಸಿದಳು. ದೊಡ್ಡಜ್ಜನ ಮಾತನ್ನು ಹಾಗೇ ನಂಬುವ ಜಾತಿಯಲ್ಲ.

"ಮಧ್ಯದ್ದಕ್ಕೆ ಎಷ್ಟು ಹಲ್ಲಿರಬೇಕು?"

"ಎಷ್ಟಾರ ಇರ್ಲಿ. ಲೆಕ್ಕ ಬದಲಾಗಲ್ಲ."

"ಮತ್ಯಾಕೈತಿ ಅದು?"

ಅಣ್ಣ ಕೈ ಒರೆಸಿಕೊಂಡು, "ಅದು ಸಂಬಂಧ ಕೂಡ್ಸೋ ಹಿರೇರು ಇದ್ದಂಗೆ ಕಣವ್ವ. ಗಂಡಿಗೂ ಹೆಣ್ಣಿಗೂ ಆಗೋ ಲೆಕ್ಕದಾಗೆ ಅವರು ಬರಲ್ಲ. ಆದ್ರೆ ಅವರಿಲ್ಲದಿದ್ರೆ ಇವೆರಡೂ ಒಂದನ್ನೊಂದು ಮುಟ್ಟಲ್ಲ" ಎಂದ. ತುಸು ತಡೆದು, ನನ್ನ ಕಡೆ ನೋಡಿ, "ಅಂಥೋರು ಇನ್ನೊಬ್ಬರು ಮಧ್ಯೆ ಬಂದ್ರೋ, ಕೆಳಗಿಂದು ಉಲ್ಟಾ ತಿರುಗ್ತೈತಿ" ಎಂದೂ ಸೇರಿಸಿದ. ಗೇರಿನ ವಿಷಯ ಅದು ನಿಜವಂತೆ. ಮೊಮ್ಮಗಳ ವಿಷಯದಲ್ಲೂ ನಿಜ ಎಂದು ನನಗೂ ನಮ್ಮಾಕೆಗೂ ಸೇರಿಸಿ ಹೇಳಿದ್ದೆಂದು ಗೊತ್ತಾಗಲು ಬಸ್ಸು ಬಾತಿ ದಾಟಬೇಕಾಯಿತು.

ಗೇರಿನ ಹುಚ್ಚು ಹಿಡಿದವರು ನಮ್ಮ ಮನೆಯಲ್ಲಷ್ಟೇ ಇಲ್ಲ. ದಕ್ಷಿಣ ಆಫ್ರಿಕದಲ್ಲಿ 1928ರಲ್ಲಿ ಹುಟ್ಟಿದ ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞ ಎರಡು ವರ್ಷ ತುಂಬುವ ಮುಂಚೆಯೇ ಕಾರಿನ ಭಾಗಗಳ ಹೆಸರು ಹೇಳುತ್ತಿದ್ದನಂತೆ. ಗೇರುಗಳನ್ನು ಮನಸ್ಸಿನೊಳಗೇ ತಿರುಗಿಸುತ್ತ ಮಗ್ಗಿ ಕಲಿತ, ಮುಂದೆ ಸಮೀಕರಣಗಳೂ ಅವನಿಗೆ ಗೇರುಗಳಾಗಿಯೇ ಕಂಡವು. 1980ರಲ್ಲಿ ಬಂದ ತನ್ನ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕವನ್ನು ಅವನು ಆರಂಭಿಸುವುದೇ ಈ ಕಥೆಯಿಂದ. ಅವನ ಮಾತಿನ ಸಾರ ಇಷ್ಟು: ನನಗೆ ಗೇರು ಒಲಿಯಿತು ಎಂದು ಎಲ್ಲ ಮಕ್ಕಳಿಗೂ ಗೇರು ಕೊಟ್ಟರೆ ನಡೆಯುವುದಿಲ್ಲ, ಒಲವು ಅವರವರದೇ. ಆದರೆ ಕಂಪ್ಯೂಟರ್ ಯಾವ ವೇಷ ಬೇಕಾದರೂ ಹಾಕಬಲ್ಲದು, ಆದ್ದರಿಂದ ಪ್ರತಿ ಮಗುವೂ ಅದರಲ್ಲಿ ತನ್ನ ಗೇರನ್ನು ಕಂಡುಕೊಳ್ಳಬಹುದು. ಹೀಗೆಂದು ನಂಬಿದ ಪ್ಯಾಪರ್ಟ್, ವಾಲಿ ಫ್ಯೂರ್ಝೈಗ್, ಸಿಂಥಿಯಾ ಸೊಲೊಮನ್ ಮೊದಲಾದವರು 1967ರಲ್ಲಿ ಮಕ್ಕಳಿಗಾಗಿಯೇ 'ಲೋಗೊ' ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಕೆಲವು ವರ್ಷಗಳಲ್ಲಿ ಅದಕ್ಕೊಂದು ಆಮೆ ಸೇರಿಕೊಂಡಿತು. ಮೊದಲಿಗೆ ನೆಲದ ಮೇಲೆ ಓಡಾಡುತ್ತಾ ಗೆರೆ ಎಳೆಯುತ್ತಿದ್ದ ನಿಜವಾದ ಯಂತ್ರ, ಆಮೇಲೆ ಪರದೆಯ ಮೇಲಿನದು.

ನಮ್ಮ ಹುಡುಗಿಯ ಕಂಪ್ಯೂಟರ್ ಪಾಠದಲ್ಲೂ ಆ ಲೋಗೊ ಇದೆ. ಒಂದು ಸಂಜೆ ಮಗನ ಹಳೇ ಲ್ಯಾಪ್‌ಟಾಪ್ ತೆರೆದು, "ಅಜ್ಜ, ಆಮೆ ನೋಡು" ಎಂದಳು. ಕನ್ನಡಕ ಹಾಕಿ, ತೆಗೆದು, ಒರೆಸಿ ನೋಡಿದೆ. ಆಮೆಯೂ ಇಲ್ಲ, ಅದರ ಚಿಪ್ಪೂ ಇಲ್ಲ. ಪರದೆಯ ನಡುವೆ ಬಡಕಲು ತ್ರಿಕೋನವೊಂದು ಬಿದ್ದಿತ್ತು. ಅದೇ ಆಮೆಯಂತೆ. ನೂರು ಹೆಜ್ಜೆ ಮುಂದೆ, ತೊಂಬತ್ತು ಡಿಗ್ರಿ ಬಲಕ್ಕೆ. ಹೀಗೆ ನಾಲ್ಕು ಸಲ ಹೇಳಿದರೆ ಚೌಕ. ನಾನು ಭಲೇ ಎಂದೆ. ಹುರುಪಿನಿಂದ ತ್ರಿಕೋನಕ್ಕೆ ಹೊರಟಳು. ತ್ರಿಕೋನದ ಒಂದು ಮೂಲೆ ಅರವತ್ತು ಡಿಗ್ರಿ ಎಂದು ನಾನೇ ಜಂಬದಿಂದ ಹೇಳಿಕೊಟ್ಟೆ. ಆಮೆ ಅರವತ್ತರಂತೆ ತಿರುಗುತ್ತಾ ಮೂರು ಗೆರೆ ಎಳೆದು, ಬಾಯಿ ತೆರೆದುಕೊಂಡು ಎಲ್ಲೋ ನಿಂತಿತು. ನನ್ನ ರೇಖಾಗಣಿತವೂ ಅಲ್ಲೇ ನಿಂತಿತು.

ಅವಳು ಎದ್ದು ಅಂಗಳಕ್ಕೆ ಹೋದಳು. ತಾನೇ ಆಮೆಯಾಗಿ ಎಣಿಸಿಕೊಂಡು ನಡೆದಳು, ತಿರುಗಿದಳು, ನಡೆದಳು. ನಮ್ಮಾಕೆಯ ರಂಗೋಲಿ ಎರಡು ಬಾರಿ ತುಳಿಸಿಕೊಂಡಿತು. ಮೂರನೇ ಮೂಲೆ ಮುಗಿಸಿ ಹೊರಟಲ್ಲಿಗೇ ಬಂದು, ಹೊರಟ ದಿಕ್ಕಿಗೇ ಮುಖ ಮಾಡಿ ನಿಂತಾಗ ಕಿರುಚಿದಳು: "ಅಜ್ಜ, ಪೂರ್ತಿ ಒಂದು ಸುತ್ತು ತಿರುಗಿದೆ! ಸುತ್ತು ಅಂದ್ರೆ ಮುನ್ನೂರ ಅರವತ್ತು. ಮೂರು ಸಲಕ್ಕೆ ಹಂಚಿದ್ರೆ ನೂರಿಪ್ಪತ್ತು!" ನೂರಿಪ್ಪತ್ತು ಕೊಟ್ಟಳು, ತ್ರಿಕೋನ ಬಾಯಿ ಮುಚ್ಚಿತು. ಆಮೆ ನೋಡುವುದು ಮೂಲೆಯ ಒಳಗಿನ ಕೋನವನ್ನಲ್ಲ, ತಾನು ತಿರುಗಬೇಕಾದ ಹೊರಗಿನ ಕೋನವನ್ನು. ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಪ್ರಮೇಯ ಅವಳ ಪಾದಕ್ಕೆ ತಾನಾಗಿ ತಿಳಿಯಿತು. ಪ್ಯಾಪರ್ಟನಿಗೆ ಬೇಕಾಗಿದ್ದದ್ದೂ ಇದೇ. ಮಗು ಆಮೆಗೆ ಪಾಠ ಹೇಳಬೇಕು, ಹೇಳಲು ಹೋಗಿ ತಾನೇ ಕಲಿಯಬೇಕು.

ನಮ್ಮ ಕಾಲದಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಇಂಜಿನಿಯರಿಂಗಿಗೆ ಬರವಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡುತ್ತಿದ್ದೆವು. ಮಣ್ಣಿಗೆ ನೀರು ಹೆಚ್ಚಾದರೆ ಎತ್ತು ಮೊಣಕಾಲೂರುತ್ತಿತ್ತು, ಕಡಿಮೆಯಾದರೆ ಕೊಂಬು ಸೀಳುತ್ತಿತ್ತು. ಜೋಳದ ದಂಟಿನ ಬೆಂಡಿನಲ್ಲಿ ಬಂಡಿ ಕಟ್ಟಿ, ಗಾಲಿಗೆ ಅಚ್ಚು ಬಿಗಿಯಾದರೆ ತಿರುಗದು, ಸಡಿಲಾದರೆ ಉದುರಿತು ಎಂದು ಅಣ್ಣ ಅಂದೇ ಕಂಡುಕೊಂಡಿದ್ದ. ನಾನು ಅವನು ಮಾಡಿದ ಬಂಡಿಯನ್ನು ಬಾಡಿಗೆಗೆ ಬಿಡುತ್ತಿದ್ದೆ. ಬ್ಯಾಂಕಿನ ಕೆಲಸ ಹಣೆಯಲ್ಲಿ ಬರೆದಿತ್ತು ಅನ್ನಿ.

ಈಗ ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಡಬ್ಬಿಯಲ್ಲಿ ಕಿಟ್ಟು ಬರುತ್ತದೆ. ಪುಸ್ತಕದಲ್ಲಿ ಹೇಳಿದಂತೆ ಒಂದು ಸಲ ರೋಬೋ ಜೋಡಿಸುತ್ತಾರೆ, ಆಮೇಲೆ ಅದು ಷೋಕೇಸು ಸೇರುತ್ತದೆ. ಬಿಚ್ಚಿದರೆ ಅಮ್ಮ ಬೈತಾಳೆ, ಸಾವಿರಾರು ರೂಪಾಯಿ ಕೊಟ್ಟದ್ದಲ್ಲವೇ! ಇಂಗ್ಲೆಂಡಿನ ಫ್ರ್ಯಾಂಕ್ ಹಾರ್ನ್‌ಬಿ ತನ್ನ ಗಂಡುಮಕ್ಕಳಿಗೆಂದು ತೂತಿನ ಪಟ್ಟಿಗಳ ಆಟಿಕೆ ಮಾಡಿ 1901ರಲ್ಲಿ ಪೇಟೆಂಟ್ ಪಡೆದ. ಮುಂದೆ ಮೆಕ್ಯಾನೊ ಎಂದು ಹೆಸರಾದದ್ದು ಅದೇ. ಸಮದೂರದ ತೂತು, ಒಂದೇ ಅಳತೆಯ ನಟ್ಟು ಬೋಲ್ಟು. ಇವತ್ತಿನ ಕ್ರೇನು ನಾಳೆ ಸೇತುವೆಯಾಗಬೇಕು, ಬಿಚ್ಚುವುದೇ ಅದರ ಜೀವಾಳ. ನಮ್ಮಲ್ಲಿ ಅಷ್ಟು ಖರ್ಚೂ ಬೇಡ, ಗುಜರಿ ಅಂಗಡಿ ಇದೆ. ಹಾಳಾದ ಆಟಿಕೆ ಕಾರಿನ ಮೋಟರು, ಹಳೇ ಕಂಪ್ಯೂಟರಿನ ಫ್ಯಾನು, ಸ್ಪೀಕರಿನ ಅಯಸ್ಕಾಂತ ಎಲ್ಲ ತೂಕಕ್ಕೆ ಸಿಗುತ್ತವೆ. ಅಣ್ಣನದೊಂದೇ ಕಟ್ಟಳೆ: ಸೆಲ್ಲಿನಲ್ಲಿ ಓಡುವುದನ್ನು ಎಷ್ಟಾದರೂ ಬಿಚ್ಚು, ಗೋಡೆಯ ಪ್ಲಗ್ಗಿಗೆ ಹೋಗುವುದನ್ನು ಮುಟ್ಟಬೇಡ. ಹಳೇ ಟಿ.ವಿ.ಯೊಳಗಿನ ಕೆಪಾಸಿಟರು ವೈರು ಕಿತ್ತ ಮೇಲೂ ಕರೆಂಟು ಬಚ್ಚಿಟ್ಟುಕೊಂಡು ಕಾಯುತ್ತಿರುತ್ತದಂತೆ.

ಮೊನ್ನೆ ಪಕ್ಕದ ಮನೆಯವರು ಮಂಡಕ್ಕಿ ಮಿರ್ಚಿ ಹೊತ್ತಿಗೆ ಬಂದರು. ಅವರ ಮೊಮ್ಮಗ ಆರನೇ ಕ್ಲಾಸು. ಕೋಡಿಂಗಿಗೆ ಒಂದು ಕಡೆ, ರೋಬೋಟಿಕ್ಸಿಗೆ ಇನ್ನೊಂದು ಕಡೆ, ಮುಂದಿನ ಸಿಇಟಿಗೆ ಈಗಲೇ ಮತ್ತೊಂದು ಕಡೆ ಫೀಸು ಕಟ್ಟಿದ್ದಾರೆ. ಹುಡುಗ ಮಾತ್ರ ನಮ್ಮ ಕಟ್ಟೆಯ ಮೇಲೆ ಇವಳ ಜೊತೆ ಕೂತು ಟಾರ್ಚು ಬಿಚ್ಚುತ್ತಿರುತ್ತಾನೆ. "ನಿಮ್ಮ ಹುಡುಗಿ ಭಾಳ ಚೂಟಿ ಐದಾಳೆ. ಯಾವ ಕ್ಲಾಸಿಗೆ ಹಾಕೀರಿ?" ಎಂದರು.

"ಯಾವುದಕ್ಕೂ ಇಲ್ರಿ. ಒಂದು ಸ್ಕ್ರೂಡ್ರೈವರ್ ಕೊಡ್ಸಿ, ಗುಜರಿಯಿಂದ ಒಂದಿಷ್ಟು ಸಾಮಾನು ತಂದ್ಹಾಕಿ. ಆಮೇಲೆ ನಾವು ಸುಮ್ನಿದ್ರಾತು."

ಮಿರ್ಚಿ ಮುರಿಯುತ್ತಾ ಬಹಳ ಹೊತ್ತು ಯೋಚಿಸಿದರು. "ಸ್ಕ್ರೂಡ್ರೈವರ್ ಕೊಡಸಬೌದ್ರಿ, ಗುಜರಿನೂ ತರಬೌದು. ಈ ಸುಮ್ನಿರೋದಕ್ಕೆ ಎಲ್ಲಾರ ಕ್ಲಾಸ್ ನಡಸ್ತಾರೇನ್ರಿ?"

ನಡೆಸುತ್ತಿದ್ದರೆ ನಮ್ಮಾಕೆಗೂ ನನಗೂ ಸೇರಿಸಿ ಸೀಟು ಹಿಡಿಯಿರಿ ಎಂದೆ.