ರೋಮಿನಲ್ಲಿ ಪಟ್ಟಾಪಟ್ಟಿ

ರೋಮಿಗೆ ಹೊರಟಿದ್ದೇನೆ ಅಂದದ್ದೇ ತಡ, ಆ ಊರಿನ ಕಡೆ ತಲೆ ಹಾಕಿಯೂ ಮಲಗದವರೆಲ್ಲ ಅಲ್ಲಿನ ಜೇಬುಗಳ್ಳರ ಬಗ್ಗೆ ಪಾಠ ಶುರುಮಾಡಿದರು. ಮೆಜೆಸ್ಟಿಕ್ಕಿನಲ್ಲಿ ಪರ್ಸು ಕಳೆದುಕೊಂಡು ಕಳೆದುಕೊಂಡೇ ಪಳಗಿದ ನನ್ನ ಭಾವಮೈದ ಅವರಲ್ಲಿ ಹಿರಿಯ ಉಪನ್ಯಾಸಕ. "ಪ್ಯಾಂಟಿನ ಜೇಬಿದೆಯಲ್ಲ ಭಾವ, ಅದು ಕಳ್ಳರದ್ದು. ಪಟ್ಟಾಪಟ್ಟಿ ಚಡ್ಡೀಲಿಡಿ" ಅಂದ. ಅಣ್ಣನ ಮಾತು ನನ್ನಾಕೆಗೆ ವೇದವಾಕ್ಯ. ಚಡ್ಡಿಯ ಜೇಬಿಗೆ ನೋಟು ತುರುಕಿ, ಬಾಯಿಗೆ ಎರಡು ಪಿನ್ನು ಜಡಿದು, ಮೇಲೆ ಪ್ಯಾಂಟು ಬೆಲ್ಟು ಬಿಗಿಸಿಯೇ ನನ್ನನ್ನು ಹೋಟೆಲಿನಿಂದ ಹೊರಡಿಸಿದಳು.

ಟರ್ಮಿನಿ ಸ್ಟೇಷನ್ನಿನಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು ಪ್ರವಾಸಿಗರಿಗೆ ಅಚ್ಚುಮೆಚ್ಚು, ಹಾಗಾಗಿ ಕಳ್ಳರಿಗೂ. ಟಿಕೆಟ್ಟನ್ನು ತಂಬಾಕಿನ ಅಂಗಡಿಯಲ್ಲಿ ಕೊಂಡೆವು. ತಲೆಗೆ ಒಂದೂವರೆ ಯೂರೋ. ಅಂಗಡಿಯವ ಕೈಚಾಚಿದ. ನಾನು ಬೆಲ್ಟಿಗೆ ಕೈಹಾಕಿದೆ. ಅವನು ಕೈ ಹಿಂದಕ್ಕೆಳೆದುಕೊಂಡ.

ನನ್ನಾಕೆ ಸೆರಗು ಅಗಲಿಸಿ ಅಡ್ಡ ನಿಂತಳು. ಲಾಟರಿ ಚೀಟಿಗಳ ಗೋಡೆಗೆ ಮುಖಮಾಡಿ ಒಳಗೆ ಕೈಬಿಟ್ಟರೆ ಮೊದಲನೇ ಪಿನ್ನು ಬಾಗಿ ಕೂತಿದೆ, ಎರಡನೆಯದು ತೊಡೆಗೇ ಚುಚ್ಚಿತು. ನಾನು "ಅಮ್ಮಾ" ಅಂದೆ. ಸಾಲಿನಲ್ಲಿದ್ದ ಸನ್ಯಾಸಿನಿಯೊಬ್ಬರು ಶಿಲುಬೆಯ ಗುರುತು ಹಾಕಿಕೊಂಡರು. ಅಂತೂ ಬೆಚ್ಚಗಿನ ನೋಟೊಂದು ಹೊರಬಂತು, 50 ಯೂರೋದ್ದು. ಅಂಗಡಿಯವ ಅದನ್ನು ಎರಡು ಬೆರಳಲ್ಲಿ ಹಿಡಿದು, ಪಿನ್ನಿನ ತೂತಿನಿಂದ ಬೆಳಕು ನೋಡಿ, ಚಿಲ್ಲರೆ ಇಲ್ಲವೆಂದು ತಲೆಯಾಡಿಸಿದ. ಮತ್ತೆ ಗೋಡೆ, ಮತ್ತೆ ಸೆರಗು, ಮತ್ತೆ "ಅಮ್ಮಾ".

ಬಾಗಿದ ಪಿನ್ನನ್ನು ಮತ್ತೆ ಹಾಕಿರಲಿಲ್ಲವಲ್ಲ, ಬಸ್ಸಿನಲ್ಲಿ ಕೈ ಸೊಂಟ ಬಿಟ್ಟು ಕದಲಲಿಲ್ಲ. ಎದುರಿಗಿದ್ದ ಇಟಲಿಯ ಅಜ್ಜಿ ನನ್ನ ಕೈ ನೋಡಿದರು, ಮುಖ ನೋಡಿದರು, ಬ್ಯಾಗನ್ನು ಎದೆಗವಚಿಕೊಂಡರು. ಬೆಳಿಗ್ಗೆಯಿಂದ ಬೀದಿಯಲ್ಲಿ ಕೊಡೆ, ನೀರಿನ ಬಾಟಲಿ ಮಾರುವ ಬಾಂಗ್ಲಾದ ಹುಡುಗರನ್ನು ಕಂಡಾಗಲೆಲ್ಲ ನಾನು ಮಾಡಿದ್ದೂ ಅದನ್ನೇ. ಅಜ್ಜಿಯ ಕಣ್ಣಿಗೆ ಅವರೂ ನಾನೂ ಒಂದೇ ಬಣ್ಣ. ನನ್ನಾಕೆ ನಕ್ಕಳು. ನನಗೆ ನಗು ಬರಲಿಲ್ಲ.

ಟ್ರೆವಿ ಕಾರಂಜಿಯಲ್ಲಿ ನೀರಿಗೆ ಬೆನ್ನುಹಾಕಿ, ಬಲಗೈಯಿಂದ ಎಡಭುಜದ ಮೇಲೆ ನಾಣ್ಯ ಎಸೆದರೆ ರೋಮಿಗೆ ಮತ್ತೆ ಬರುತ್ತೇವಂತೆ. ಆ ನಾಣ್ಯಗಳು ಕಾರಿತಾಸ್ ಸಂಸ್ಥೆಯ ಮೂಲಕ ಬಡವರಿಗೆ ಸಲ್ಲುತ್ತವೆ, ಅದು ಸರಿ. ಆದರೆ ಜನವೆಲ್ಲ ಬೆನ್ನು ತಿರುಗಿಸಿ, ಒಂದು ಕೈ ಎತ್ತಿ, ಮೊಬೈಲಿಗೆ ಹಲ್ಲು ಕಿರಿಯುತ್ತ, ಬ್ಯಾಗಿನ ಬಾಯಿ ತೆರೆದುಕೊಂಡು ನಿಂತದ್ದನ್ನು ನೋಡಿದರೆ, ಈ ಪದ್ಧತಿಯನ್ನು ಕಳ್ಳರೇ ಸಭೆ ಸೇರಿ ಮಾಡಿರಬೇಕು ಅನಿಸಿತು.

ನೀವು ಹೋಗುವುದಾದರೆ ಆ ದಿನದ ಖರ್ಚಿಗೆ ಬೇಕಾದ ಚಿಲ್ಲರೆಯನ್ನು ಕೈಗೆ ಸಿಗುವಲ್ಲೇ ಇಡಿ. ಬಸ್ಸಿನ ಬಾಗಿಲ ಬಳಿ ನಿಲ್ಲಬೇಡಿ; ಬಾಗಿಲು ಮುಚ್ಚುವ ಗಳಿಗೆಯಲ್ಲಿ ಕಳ್ಳರು ಎಗರಿಸಿ ಇಳಿದುಬಿಡುತ್ತಾರೆ. ಹತ್ತಿದೊಡನೆ ಟಿಕೆಟ್ಟನ್ನು ಅಲ್ಲಿನ ಮೆಷಿನ್ನಿಗೆ ತೂರಿಸಿ ಮುದ್ರೆ ಹಾಕಿಸಿ. ಎರಡು ಕೈಯೂ ದುಡ್ಡು ಕಾಯುತ್ತಿದ್ದರೆ ಇದು ಮರೆತುಹೋಗುತ್ತದೆ, ಮರೆತರೆ ಟಿಕೆಟ್ಟಿದ್ದರೂ ದಂಡ.